ಮುಳ್ಳು 98ರಲ್ಲೇ ಇತ್ತು, ನೀರು ಮಾತ್ರ ಕುದಿಯುತ್ತಿತ್ತು

ಚಾಮುಂಡಿ ಬೆಟ್ಟ ಹತ್ತುತ್ತಿದ್ದೆವು. ನಂದಿ ಕಡೆಗೆ ತಿರುಗುವ ದಾರಿ ಇನ್ನೂ ಬಂದಿರಲಿಲ್ಲ, ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಕಾರನ್ನು ಪಕ್ಕಕ್ಕೆ ಹಾಕಿ ಇಳಿದೆ. ರೇಡಿಯೇಟರಿನ ಓವರ್‌ಫ್ಲೋ ಪೈಪಿನಿಂದ ಕಂದು ನೀರು ರಸ್ತೆಗೆ ಸುರಿಯುತ್ತಿತ್ತು. ಇಂಜಿನ್ ಆಫ್ ಮಾಡಿದ ಮೇಲೂ ಒಳಗೆಲ್ಲೋ ಗುಳುಗುಳು ಸದ್ದು. ಕಿಟಕಿಯಿಂದ ಬಗ್ಗಿ ಟೆಂಪರೇಚರ್ ಗೇಜ್ ನೋಡಿದೆ. ಮುಳ್ಳು 98ರಲ್ಲಿತ್ತು.

98 ಡಿಗ್ರಿ ಜಾಸ್ತಿಯೇ, ಒಪ್ಪುತ್ತೇನೆ. ಆದರೆ ಒತ್ತಡ ಹಿಡಿಯುವ ಕ್ಯಾಪ್ ಇರುವ ರೇಡಿಯೇಟರಿನಲ್ಲಿ ನೀರು 98ಕ್ಕೆ ಕುದಿಯಬಾರದು. ಕುದಿಯುವುದಕ್ಕೆ ಅದಕ್ಕೆ ಇನ್ನೂ ಹತ್ತು ಡಿಗ್ರಿ ಬೇಕು. ಹಾಗಾದರೆ ಗುಳುಗುಳು ಅಂದದ್ದು ಯಾವುದು? ಈ ಒಂದು ಪ್ರಶ್ನೆಯ ಹಿಂದೆ ನನ್ನ ಆರು ವಾರಾಂತ್ಯಗಳು ಹೋದವು. ಆ ಕೆಲಸದ ಲೆಕ್ಕ ಇಲ್ಲಿದೆ.

ಕಾರು ನಮ್ಮ ದೊಡ್ಡಪ್ಪನದು. 1971ರ ಅಂಬಾಸಿಡರ್ ಮಾರ್ಕ್ 2. ಇಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್, 1489 ಸಿಸಿ, ನಾಲ್ಕು ಸಿಲಿಂಡರ್. ಸಿಲಿಂಡರುಗಳಿರುವ ಬ್ಲಾಕೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡೂ ಎರಡೂ ಎರಕದ ಕಬ್ಬಿಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿಗೆ ಬಂದದ್ದೂ ಇದೇ ಇಂಜಿನ್, ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ನಮ್ಮ ದೇಶಕ್ಕಾಗಿ ತಯಾರಾದದ್ದೂ ಇದೇ. ದೊಡ್ಡಪ್ಪ ಕೊಡಗಿನ ಕಾಫಿ ತೋಟಗಳಿಗೆ ಗೊಬ್ಬರ ಮಾರುತ್ತಿದ್ದರು. ವಾರಕ್ಕೊಮ್ಮೆ ಮೈಸೂರಿನಿಂದ ಹುಣಸೂರು, ಕುಶಾಲನಗರ ದಾಟಿ ಮಡಿಕೇರಿಗೆ ಹೋಗಿಬರುತ್ತಿದ್ದ ಕಾರು ಇದು. ಈಗ ಅವರಿಗೆ 84. ಕಾರು ನನ್ನ ಸುಪರ್ದಿಗೆ ಬಂದು ಮೂರು ವರ್ಷ ಆಯ್ತು. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ‘ವಿಎ’ ಅಕ್ಷರ ಇರುವ ನಂಬರ್ ಸಿಗುತ್ತದೆ. ಅದನ್ನು ಮಾಡಿಸುವ ಆಸೆ ಇದೆ. ಆದರೆ ಮೊದಲು ಬೆಟ್ಟ ಹತ್ತಬೇಕಲ್ವಾ.

ನಾನು ಕೈ ಹಾಕುವ ಮೊದಲೇ ಒಂದು ಗ್ಯಾರೇಜಿನಲ್ಲಿ ಸಾಕಷ್ಟು ಕೆಲಸ ಆಗಿತ್ತು. ರೇಡಿಯೇಟರಿಗೆ ಹೊಸ ಕೋರ್, ಅಂದರೆ ನೀರು ತಣಿಯುವ ಕೊಳವೆಗಳ ಜಾಲರಿ, ಹಾಕಿದರು. ಹೊಸ ವಾಟರ್ ಪಂಪ್ ಹಾಕಿದರು. ನೀರು ಬಿಸಿಯಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಕಿದರು. ಹೊಸ ಕ್ಯಾಪ್ ಕೊಟ್ಟರು. 14,000 ರೂಪಾಯಿ ಬಿಲ್ ಆಯ್ತು. ಬೆಟ್ಟದಲ್ಲಿ ಕುದಿಯುವುದು ಮಾತ್ರ ಒಂದು ಚೂರೂ ಬದಲಾಗಲಿಲ್ಲ. ಅಲ್ಲಿ ಯಾರೂ ಮೋಸ ಮಾಡಲಿಲ್ಲ, ಆ ಭಾಗಗಳೆಲ್ಲ ಹಳೆಯದಾಗಿದ್ದವು. ಆದರೆ ಯಾರೂ ಒಂದು ಸಲವೂ ಏನನ್ನೂ ಅಳೆದು ನೋಡಿರಲಿಲ್ಲ. ಈ ಸಲ ಅಳೆಯದೆ ಒಂದು ನಟ್ಟನ್ನೂ ಬಿಚ್ಚುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡೆ.

ಮೊದಲ ಶನಿವಾರ: ಗೇಜ್ ನಿಜ ಹೇಳುತ್ತಿದೆಯೇ?

ಎಲ್ಲಕ್ಕಿಂತ ಮೊದಲು ಅನುಮಾನ ಪಡಬೇಕಾದದ್ದು ಗೇಜನ್ನು. ನನ್ನದು ತಂತಿಯಂಥ ತಾಮ್ರದ ಕೊಳವೆ ಇರುವ ಮೆಕ್ಯಾನಿಕಲ್ ಗೇಜ್. ಕೊಳವೆಯ ತುದಿಯ ಬಲ್ಬ್ ಹೆಡ್ಡಿನ ಮುಂಭಾಗದಲ್ಲಿ, ಥರ್ಮೋಸ್ಟಾಟಿನ ಹತ್ತಿರ ಕೂರುತ್ತದೆ. ಅದನ್ನು ಬಿಚ್ಚಿ, ಸ್ಟೌ ಮೇಲೆ ಪಾತ್ರೆಯಲ್ಲಿ ಕುದಿಯುವ ನೀರಿಗೆ ಇಳಿಬಿಟ್ಟೆ. ಮುಳ್ಳು 97ರ ಹತ್ತಿರ ನಿಂತಿತು.

100 ಯಾಕೆ ಬರಲಿಲ್ಲ ಅಂತ ಗಾಬರಿಯಾಗಬೇಕಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. 300 ಮೀಟರ್ ಮೇಲೆ ಹೋದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97ರಿಂದ 98ರ ನಡುವೆ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಮೊದಲೇ. ಗೇಜ್ ಸರಿಯಾಗಿಯೇ ಇತ್ತು.

ಆಮೇಲೆ ಕ್ಯಾಪ್. ಗ್ಯಾರೇಜಿನವರು ಹಾಕಿದ್ದ ಕ್ಯಾಪ್ ಮೇಲೆ 0.9 ಅಂತ ಬರೆದಿತ್ತು. ಅದು ಬಾರ್ ಲೆಕ್ಕದ ಒತ್ತಡ, ಪೌಂಡ್ ಲೆಕ್ಕದಲ್ಲಿ ಸುಮಾರು 13 ಪಿಎಸ್‌ಐ, ಇವತ್ತಿನ ಕಾರುಗಳ ಕ್ಯಾಪ್. ನನ್ನ ಹಿತ್ತಾಳೆ ರೇಡಿಯೇಟರಿಗೆ 7 ಪಿಎಸ್‌ಐ ಸಾಕು. ಜಾಸ್ತಿ ಒತ್ತಡದ ಕ್ಯಾಪ್ ಹಾಕಿದರೆ ನೀರು ತಡವಾಗಿ ಕುದಿಯುತ್ತದೆ ಅನ್ನುವುದು ನಿಜ. ಆದರೆ ಆ ಒತ್ತಡವೆಲ್ಲ ಐವತ್ತು ವರ್ಷದ ಬೆಸುಗೆಯ ಮೇಲೆ, ಹೋಸುಗಳ ಮೇಲೆ ಬೀಳುತ್ತದೆ. ನನ್ನ ಮೇಲಿನ ಟ್ಯಾಂಕಿನ ಅಂಚಿನಲ್ಲಿ ಆಗಲೇ ಹಸಿರು ಬಣ್ಣದ ಜಿನುಗು ಕಾಣುತ್ತಿತ್ತು. ದಯವಿಟ್ಟು ಹಳೇ ಕಾರಿಗೆ ಹೊಸ ಕ್ಯಾಪ್ ಹಾಕಿಸುವಾಗ ಅದರ ಮೇಲಿನ ಅಂಕಿ ಓದಿ. 7 ಪಿಎಸ್‌ಐ ಕ್ಯಾಪ್ ಒಂದನ್ನು ಹುಡುಕಿ ತಂದೆ, ರೇಡಿಯೇಟರ್ ಅಂಗಡಿಯಲ್ಲಿ ಗಾಳಿ ಕೊಟ್ಟು ಪರೀಕ್ಷೆ ಮಾಡಿಸಿದೆ. ಒತ್ತಡ ಹಿಡಿಯಿತು.

7 ಪಿಎಸ್‌ಐ ಒತ್ತಡ ಇದ್ದರೆ ನೀರಿನ ಕುದಿಯುವ ಬಿಸಿ 11–12 ಡಿಗ್ರಿ ಮೇಲೆ ಹೋಗುತ್ತದೆ. ಅಂದರೆ ಮೈಸೂರಿನಲ್ಲಿ ಸುಮಾರು 109. ಗೇಜ್ ಸರಿ, ಕ್ಯಾಪ್ ಸರಿ. ಆದರೂ ಮುಂದಿನ ಭಾನುವಾರ ಬೆಟ್ಟದಲ್ಲಿ ಮುಳ್ಳು 99 ತೋರಿಸುವಾಗಲೇ ನೀರು ಹೊರಗೆ ಉಕ್ಕಿತು. ಹಾಗಾಗಿ ಒಂದು ವಿಷಯ ಗಟ್ಟಿಯಾಯಿತು. ಇಂಜಿನ್ನಿನೊಳಗೆ ಎಲ್ಲೋ ಒಂದು ಕಡೆ ನೀರು 109 ದಾಟಿ ಹಬೆಯಾಗುತ್ತಿದೆ. ಆ ಹಬೆ ಉಳಿದ ನೀರನ್ನು ಹೊರಗೆ ತಳ್ಳುತ್ತಿದೆ. ಆ ಜಾಗ ಗೇಜಿನ ಬಲ್ಬಿಗೆ ಕಾಣುತ್ತಿಲ್ಲ. ಇಲ್ಲವೇ, ಅದು ಹಬೆಯೇ ಅಲ್ಲ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೀಳಿ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ಈ ಎರಡರಲ್ಲಿ ಒಂದು.

ಥರ್ಮೋಸ್ಟಾಟ್ ವಾಪಸ್ಸು

ನಮ್ಮಲ್ಲಿ ಕಾರು ಬಿಸಿಯಾದರೆ ಮೊದಲು ಹೋಗುವುದು ಥರ್ಮೋಸ್ಟಾಟ್. ‘ನಮ್ಮೂರ ಬಿಸಿಲಿಗೆ ಅದೆಲ್ಲ ಬೇಡ ಸಾರ್’ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅದು ಕೆಟ್ಟು ಮುಚ್ಚಿಕೊಂಡಿದ್ದರೆ ಕೀಳುವುದು ಸರಿ. ಸುಮ್ನೆ ಕಿತ್ತರೆ ಇಂಜಿನ್ ಬೆಳಗ್ಗೆ ಬಿಸಿಯಾಗಲು ತುಂಬ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ನಾನು 82 ಡಿಗ್ರಿಯ ಹೊಸದನ್ನು ತಂದೆ. ಹೊಸದು ಅಂತ ನಂಬದೆ ಅದನ್ನೂ ಪಾತ್ರೆಯಲ್ಲಿ ದಾರ ಕಟ್ಟಿ ತೂಗುಬಿಟ್ಟೆ, ಪಕ್ಕದಲ್ಲಿ ಥರ್ಮಾಮೀಟರ್. 83ಕ್ಕೆ ಬಾಯಿ ಬಿಡಲು ಶುರು ಮಾಡಿತು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿತ್ತು. ಹಾಕಿದೆ. ಬೆಟ್ಟದಲ್ಲಿ ಇದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಅದೇ ನನಗೆ ಬೇಕಿದ್ದ ಉತ್ತರ.

ಗಾಳಿ ಮತ್ತು ನೀರಿನ ದಾರಿ ನೋಡಲು ಒಂದು ಬೆಳಗ್ಗೆ ಸಾಕಾಯಿತು. ಫ್ಯಾನ್ ಬೆಲ್ಟನ್ನು ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಒಳಗೆ ಹೋಗುತ್ತಿತ್ತು, ಸರಿಯಾಗಿದೆ. ಫ್ಯಾನ್ ತಿರುಗುಮುರುಗು ಕೂತಿಲ್ಲ. ಈ ತಪ್ಪು ಆಗುತ್ತಿರುತ್ತದೆ. ತಿರುಗಿಸಿ ಕೂರಿಸಿದರೂ ಗಾಳಿ ಬರುವ ದಿಕ್ಕು ಬದಲಾಗುವುದಿಲ್ಲ, ಎಳೆಯುವ ಗಾಳಿ ಮಾತ್ರ ಕಡಿಮೆಯಾಗುತ್ತದೆ, ಹಾಗಾಗಿ ಸುಲಭಕ್ಕೆ ಗೊತ್ತಾಗುವುದಿಲ್ಲ. ಕೆಳಗಿನ ಹೋಸನ್ನು ಇಂಜಿನ್ ಓಡುವಾಗ, ಯಾರಾದರೂ ಆಕ್ಸಿಲರೇಟರ್ ಒತ್ತಿದಾಗ ನೋಡಬೇಕು. ಪಂಪ್ ನೀರು ಎಳೆಯುವುದು ಅಲ್ಲಿಂದ. ರಬ್ಬರ್ ಮೆತ್ತಗಾಗಿದ್ದರೆ ಅದು ಚಪ್ಪಟೆಯಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ನನ್ನದು ಗಟ್ಟಿಯಾಗಿಯೇ ಇತ್ತು. ರೇಡಿಯೇಟರ್ ಕೋರಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಓಡಿಸಿದೆ. ಒಳಗೆ ಕೊಳವೆ ಕಟ್ಟಿಕೊಂಡಿದ್ದರೆ ಆ ಪಟ್ಟಿ ತಣ್ಣಗೆ ಕಾಣುತ್ತದೆ. ಹೊಸ ಕೋರ್ ಆದ್ದರಿಂದ ಎಲ್ಲೂ ತಣ್ಣಗಿನ ಪಟ್ಟಿ ಇರಲಿಲ್ಲ.

ಡೆಲ್ಕೊ ಕೊಟ್ಟ ಅರ್ಧ ಉತ್ತರ

ಬಿಸಿಯಾಗುವುದಕ್ಕೂ ಕಿಡಿ ಬೀಳುವ ಹೊತ್ತಿಗೂ ಹತ್ತಿರದ ಸಂಬಂಧ ಇದೆ. ಕಿಡಿ ತಡವಾಗಿ ಬಿದ್ದರೆ ಪೆಟ್ರೋಲ್ ಉರಿಯುವುದೂ ತಡ. ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಇನ್ನೂ ಉರಿಯುತ್ತಿರುತ್ತದೆ. ಆ ಬೆಂಕಿ ಹೆಡ್ಡಿನೊಳಗಿನ ಎಕ್ಸಾಸ್ಟ್ ದಾರಿಗಳ ಮೂಲಕ ಹಾದುಹೋಗುತ್ತದೆ. ಆ ದಾರಿಗಳ ಸುತ್ತ ಇರುವುದು ನೀರು. ಚಕ್ರಕ್ಕೆ ಹೋಗಬೇಕಿದ್ದ ಶಕ್ತಿ ನೀರಿಗೆ ಹೋಗುತ್ತದೆ. ಬಿ ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಎಕ್ಸಾಸ್ಟ್ ಬಾಯಿ ಮೂರೇ. ಮಧ್ಯದ ಎರಡು ಸಿಲಿಂಡರುಗಳಿಗೆ ಒಂದೇ ಬಾಯಿ. ಅಲ್ಲಿ ಮೊದಲೇ ಬಿಸಿ ಜಾಸ್ತಿ.

ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಗ್ಯಾರೇಜಿನ ಮಾತಿನಲ್ಲಿ ಡೆಲ್ಕೊ, ಅದರ ಮುಚ್ಚಳ ತೆಗೆದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಿಂದ ಬರುವ ಸಣ್ಣ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿಟ್ಟು ಎಳೆದೆ. ಒಳಗಿನ ತಟ್ಟೆ ಸ್ವಲ್ಪ ತಿರುಗಿ, ನಾಲಗೆಯಿಂದ ಪೈಪ್ ಮುಚ್ಚಿದರೆ ಅಲ್ಲೇ ನಿಲ್ಲಬೇಕು. ತಟ್ಟೆ ಅಲುಗಲೇ ಇಲ್ಲ, ಬರೀ ಗಾಳಿ ಬಂತು. ಆ ತಟ್ಟೆ ತಿರುಗಿಸಿ ಕಿಡಿಯನ್ನು ಮುಂಚೆ ಬೀಳಿಸುವ ವ್ಯಾಕ್ಯೂಮ್ ಡಬ್ಬಿಯ ಒಳಗಿನ ಡಯಾಫ್ರಮ್ (ರಬ್ಬರ್ ಪರದೆ) ಹರಿದಿತ್ತು. ಹೊಸ ವ್ಯಾಕ್ಯೂಮ್ ಡಬ್ಬಿ ಸಿಗಲು ಎರಡು ವಾರ ಆಯ್ತು. ಹಾಕಿ, ಪಾಯಿಂಟ್ ಗ್ಯಾಪ್ ಸರಿಮಾಡಿ, ಟೈಮಿಂಗ್ ಲೈಟ್ ಹಿಡಿದು ಹೊಂದಿಸಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ ಹಳೇ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣವೂ ಬಿಸಿಗೆ ಒಂದು ಕಾರಣ. ನನ್ನದು ಎಸ್‌ಯು ಕಾರ್ಬ್ಯುರೇಟರ್, ಮಿಶ್ರಣದಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿಯಾಗಲಿ ಅಂತ ಅದರ ಜೆಟ್ ನಟ್ಟನ್ನು ಒಂದು ಮುಖದಷ್ಟು ಕೆಳಗೆ ಇಳಿಸಿದೆ.

ನಂಜನಗೂಡು ರಸ್ತೆಯಲ್ಲಿ 60ರ ವೇಗದಲ್ಲಿ ಓಡಿಸಿದೆ. ಮೊದಲು 92 ತೋರಿಸುತ್ತಿದ್ದ ಮುಳ್ಳು 86ಕ್ಕೆ ಇಳಿದಿತ್ತು. ತುಂಬ ಖುಷಿಯಾಯಿತು. ಅದೇ ಖುಷಿಯಲ್ಲಿ ಬೆಟ್ಟಕ್ಕೆ ಹೋದೆ. ಅದೇ ತಿರುವು, ಅದೇ ಹಬೆ.

ಆ ಸಂಜೆ ಮನೆಯ ಜಗಲಿಯಲ್ಲಿ ಕೂತು ಯೋಚಿಸಿದಾಗ ಗೊತ್ತಾಯಿತು, ಇದು ಹೀಗೇ ಆಗಬೇಕಿತ್ತು. ವ್ಯಾಕ್ಯೂಮ್ ಡಬ್ಬಿ ಕೆಲಸ ಮಾಡುವುದು ಆಕ್ಸಿಲರೇಟರ್ ಅರೆಬರೆ ಒತ್ತಿದಾಗ, ಸಮತಟ್ಟು ರಸ್ತೆಯಲ್ಲಿ. ಬೆಟ್ಟ ಹತ್ತುವಾಗ ಪೆಡಲ್ ಪೂರ್ತಿ ಒತ್ತಿರುತ್ತೇವೆ. ಆಗ ಥ್ರಾಟಲ್ ಬಾಯಿ ತೆರೆದಿರುತ್ತದೆ, ವ್ಯಾಕ್ಯೂಮ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಡಬ್ಬಿ ಚೆನ್ನಾಗಿದ್ದರೂ ಒಂದೇ, ಹರಿದಿದ್ದರೂ ಒಂದೇ. ಅಂದರೆ ನನ್ನ ಕಾರಿಗೆ ಎರಡು ಕಾಯಿಲೆ ಇದ್ದವು. ಸಣ್ಣದು ಹೋಯಿತು. ದೊಡ್ಡದು ಉಳಿಯಿತು.

ಹೆಡ್ ಗ್ಯಾಸ್ಕೆಟ್ ಅನುಮಾನ

ಮುಂದಿನ ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಫ್ಯಾನ್ ಬೆಲ್ಟ್ ಬಿಚ್ಚಿದೆ. ಹಾಗೆ ಮಾಡಿದರೆ ಪಂಪ್ ತಿರುಗುವುದಿಲ್ಲ, ನೀರು ಅಲುಗದೆ ನಿಂತಿರುತ್ತದೆ. ಥರ್ಮೋಸ್ಟಾಟ್ ತೆಗೆದು, ಕತ್ತಿನ ತನಕ ನೀರು ತುಂಬಿ, ಸ್ಟಾರ್ಟ್ ಮಾಡಿ ನೋಡಿದೆ. ಗ್ಯಾಸ್ಕೆಟ್ ಸೀಳಿದ್ದರೆ ಮೊದಲ ನಿಮಿಷದಲ್ಲೇ ಗುಳ್ಳೆಗಳು ಸಾಲಾಗಿ ಏಳುತ್ತವೆ, ನೀರು ಇನ್ನೂ ತಣ್ಣಗಿರುವುದರಿಂದ ಅದು ಹಬೆ ಅಂತ ತಪ್ಪು ತಿಳಿಯುವ ಹಾಗಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಒಂದು ಗುಳ್ಳೆಯೂ ಬರಲಿಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದೆ, ನಾಲ್ಕೂ ಸಿಲಿಂಡರುಗಳ ನಡುವೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಹಾಲಿನ ಕೆನೆಯಂಥದ್ದೇನೂ ಇಲ್ಲ, ಅಂದರೆ ಆಯಿಲ್‌ಗೆ ನೀರು ಸೇರಿಲ್ಲ. ಗ್ಯಾಸ್ಕೆಟ್ ಚೆನ್ನಾಗಿದೆ.

ಆದರೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲ ಮೂರರ ತುದಿ ಬಿಸ್ಕತ್ತಿನ ಬಣ್ಣ. ನಾಲ್ಕನೆಯದು ಸುಣ್ಣದಂತೆ ಬೆಳ್ಳಗಿತ್ತು, ಅಲ್ಲಿ ಬಿಸಿ ಮಿತಿಮೀರಿದ ಗುರುತು. ನಾಲ್ಕನೇ ಸಿಲಿಂಡರ್ ಅಂದರೆ ಎಲ್ಲಕ್ಕಿಂತ ಹಿಂದಿನದು, ಡ್ರೈವರಿನ ಕಾಲಿಗೆ ಹತ್ತಿರದ್ದು. ಆಗ ನೆನಪಾಯಿತು. ಬೆಟ್ಟದಲ್ಲಿ ನಿಂತಾಗ ಗುಳುಗುಳು ಕೇಳಿಸಿದ್ದು ರೇಡಿಯೇಟರಿನ ಹತ್ತಿರ ಅಲ್ಲ. ಇಂಜಿನ್ನಿನ ಹಿಂಬದಿ, ಒಳಗಿನ ತಗಡಿನ ಗೋಡೆಯ ಹತ್ತಿರ.

ಮೇಲೆ ಬಿಸಿ, ಕೆಳಗೆ ತಣ್ಣಗೆ

ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಮೇಲೆ ಇದ್ದದ್ದಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ. ಅದಕ್ಕೇ ಸೈಲೆನ್ಸರಿಗೆ ಹಚ್ಚುವ ಕಪ್ಪು ಬಣ್ಣ ತಂದು ಹೆಡ್ಡಿನ ಪಕ್ಕದಲ್ಲಿ ನಾಲ್ಕು ಬೊಟ್ಟು, ಬ್ಲಾಕಿನ ಕೆಳಭಾಗದಲ್ಲಿ ನಾಲ್ಕು ಬೊಟ್ಟು ಇಟ್ಟೆ. ಇಂಜಿನ್ನನ್ನು ಸ್ವಲ್ಪ ಏರಿಸಿದ ಐಡ್ಲಿಂಗಿನಲ್ಲಿ 20 ನಿಮಿಷ ಓಡಿಸಿ ಅಳೆದೆ.

ಹೆಡ್ಡಿನಲ್ಲಿ ಮುಂದಿನಿಂದ ಹಿಂದಕ್ಕೆ 88, 91, 96, 105.

ಬ್ಲಾಕಿನ ಕೆಳಗೆ ಮುಂದಿನಿಂದ ಹಿಂದಕ್ಕೆ 82, 80, 73, 64.

ಮೊದಲ ಸಾಲು ನೋಡಿ ಹಿಂದಿನ ಸಿಲಿಂಡರ್ ಬಿಸಿ ಅಂತ ಯಾರಾದರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೇ ಸಾಲು. ಮೇಲೆ 105 ಇರುವ ಸಿಲಿಂಡರಿನ ಪಕ್ಕದ ಗೋಡೆ ಕೆಳಗೆ ಬರೀ 64 ಹೇಗೆ? ಬ್ಲಾಕಿನ ಹೊರಗಿನ ಗೋಡೆಗೆ ಬಿಸಿ ತಲುಪಿಸುವುದು ಒಳಗೆ ಓಡುವ ನೀರು. ಪಂಪ್ ನೀರನ್ನು ಬ್ಲಾಕಿನ ಮುಂದೆ ಒಳಗೆ ತಳ್ಳುತ್ತದೆ. ಅದು ಸಿಲಿಂಡರುಗಳ ಸುತ್ತ ಹಾದು ಹಿಂದಕ್ಕೆ ಹೋಗಿ, ಮೇಲೆ ಹೆಡ್ಡಿಗೆ ಏರಿ, ಮುಂದೆ ಥರ್ಮೋಸ್ಟಾಟಿಗೆ ವಾಪಸ್ಸು ಬರುತ್ತದೆ. ಹಿಂದಿನ ಮೂಲೆಯ ಗೋಡೆ ತಣ್ಣಗಿದೆ ಅಂದರೆ ಅಲ್ಲಿಗೆ ನೀರು ಹೋಗುತ್ತಲೇ ಇಲ್ಲ. ನೀರಿರಬೇಕಾದ ಜಾಗದಲ್ಲಿ ಬೇರೆ ಏನೋ ಕೂತಿದೆ.

ಬ್ಲಾಕಿನ ಹಿಂದಿನ ಮೂಲೆಯಲ್ಲಿ, ಕೆಳಗೆ, ಒಂದು ಸಣ್ಣ ಹಿತ್ತಾಳೆ ನಲ್ಲಿ ಇದೆ. ನೀರು ಖಾಲಿ ಮಾಡಲು ಇಟ್ಟದ್ದು. ಇಂಜಿನ್ ತಣ್ಣಗಾದ ಮೇಲೆ ಕಾರಿನ ಕೆಳಗೆ ಮಲಗಿ ಅದನ್ನು ತಿರುಗಿಸಿದೆ. ಒಂದು ಹನಿ ಬರಲಿಲ್ಲ. ನಲ್ಲಿಯನ್ನೇ ಪೂರ್ತಿ ಬಿಚ್ಚಿದೆ. ರೇಡಿಯೇಟರ್ ತುಂಬ ನೀರಿದೆ, ಬ್ಲಾಕಿಗೆ ತೂತಿದೆ, ಒಂದು ಹನಿ ನೀರಿಲ್ಲ. ಸೈಕಲ್ಲಿನ ಕಡ್ಡಿ ತೂರಿಸಿದೆ. ಮೆತ್ತಗೆ, ಹಸಿ ಇಟ್ಟಿಗೆ ಮಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ನಾಲ್ಕೈದು ಸಲ ಆಡಿಸಿದ ಮೇಲೆ ಕೆಂಪು ಕೆಸರು ಎಳೆ ಎಳೆಯಾಗಿ ಬಂತು. ಆಮೇಲೆ ಒಮ್ಮೆಲೇ ನೀರು ನುಗ್ಗಿತು, ಮುಖದ ಮೇಲೆಲ್ಲ. ನನಗೆ ಎದ್ದು ಒರೆಸಿಕೊಳ್ಳುವುದೂ ಬೇಡವಾಗಿತ್ತು, ಅಷ್ಟು ಸಮಾಧಾನ.

ಐವತ್ತು ವರ್ಷದ ಕೆಸರು

ದೊಡ್ಡಪ್ಪ ಕುರ್ಚಿ ಹಾಕಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತಿದ್ದರು. ಬಕೆಟ್ಟಿನಲ್ಲಿದ್ದ ಕೆಸರು ತೋರಿಸಿದೆ.

‘ದೊಡ್ಡಪ್ಪ, ಈ ನಲ್ಲಿ ಯಾವಾಗಲಾದ್ರೂ ಬಿಚ್ಚಿದ್ದಿರಾ?’

‘ಅಲ್ಲೊಂದು ನಲ್ಲಿ ಇದೆ ಅಂತಾನೇ ಗೊತ್ತಿರಲಿಲ್ಲ ಕಣಪ್ಪ. ಕಡಿಮೆ ಆದಾಗ ಮೇಲಿಂದ ನೀರು ಹುಯ್ಯೋದು, ಹೋಗೋದು.’

‘ಯಾವ ನೀರು?’

‘ಯಾವುದು ಸಿಕ್ಕಿದ್ರೆ ಅದು. ಇಲ್ಲಿ ಬೋರಿನ ನೀರು. ಸುಂಟಿಕೊಪ್ಪ ದಾಟಿದ ಮೇಲೆ ತೋಡಿನ ನೀರು. ಮಳೆಗಾಲದಲ್ಲಿ ಅದು ಕೆಂಪಗೇ ಇರೋದು.’

ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಘಾಟಿ ರಸ್ತೆಯಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಿಡರ್, ಪಕ್ಕದಲ್ಲಿ ನೀರಿನ ಕ್ಯಾನ್ ಹಿಡಿದ ಡ್ರೈವರ್, ನನ್ನ ಬಾಲ್ಯದಲ್ಲಿ ದಿನಾ ಕಾಣುವ ನೋಟ ಅದು. ಕೂಲೆಂಟ್ ಅನ್ನುವ ಪದವೇ ಯಾರಿಗೂ ಬೇಕಿರಲಿಲ್ಲ.

ಕೆಸರನ್ನು ಬಿಸಿಲಲ್ಲಿ ಒಣಗಿಸಿ ನೋಡಿದೆ, ಕುತೂಹಲಕ್ಕೆ. ಪುಡಿಯ ಒಂದಿಷ್ಟು ಭಾಗ ಮ್ಯಾಗ್ನೆಟ್ಟಿಗೆ ಅಂಟಿತು. ಅದು ಬ್ಲಾಕಿನದೇ ಕಬ್ಬಿಣ, ತುಕ್ಕಾಗಿ ಉದುರಿದ್ದು. ಗಟ್ಟಿ ಚಕ್ಕೆಗಳ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬಂತು. ಅದು ಬೋರ್ ನೀರಿನ ಸುಣ್ಣ. ಉಳಿದದ್ದು ಬೆರಳಿಗೆ ಮರಳಿನಂತೆ ತಾಕುತ್ತಿತ್ತು. ತೋಡಿನ ಮರಳೂ ಇರಬಹುದು, ಕಾರ್ಖಾನೆಯ ಮರಳೂ ಇರಬಹುದು. ಬ್ಲಾಕ್ ಎರಕ ಹೊಯ್ಯುವಾಗ ನೀರು ಓಡುವ ಜಾಗಕ್ಕೆ ಮರಳಿನ ಅಚ್ಚು ಇಡುತ್ತಾರೆ. ಆಮೇಲೆ ಆ ಮರಳನ್ನು ತೂತುಗಳ ಮೂಲಕ ಹೊರಗೆ ತೆಗೆದು, ತೂತುಗಳನ್ನು ತಗಡಿನ ತಟ್ಟೆಯಿಂದ ಮುಚ್ಚುತ್ತಾರೆ. ಅವೇ ಕೋರ್ ಪ್ಲಗ್‌ಗಳು. ನೀರು ಹೆಪ್ಪುಗಟ್ಟಿದರೆ ಹಾರಿಹೋಗಲಿ ಅಂತ ಇಟ್ಟದ್ದು ಅಂತ ಅನೇಕರು ನಂಬಿದ್ದಾರೆ. ಅವು ಇರುವುದು ಈ ಮರಳಿಗಾಗಿ.

ಈಗ ನನಗೂ ಅವೇ ದಾರಿ. ಹಿಂದಿನ ಕೋರ್ ಪ್ಲಗ್ಗನ್ನು ತೆಗೆಯಬೇಕಿತ್ತು. ಅದರ ಮಧ್ಯಕ್ಕೆ ಹೊಡೆಯಲು ಹೋಗಬೇಡಿ. ಜೋರಾಗಿ ಹೊಡೆದರೆ ಅದು ಒಳಗೆ ಬಿದ್ದು ಸಿಲಿಂಡರ್ ಗೋಡೆಗೆ ತಾಗಬಹುದು. ಸಣ್ಣ ತೂತು ಕೊರೆದು, ಸ್ಕ್ರೂ ಹಾಕಿ, ಆ ಸ್ಕ್ರೂವನ್ನು ಮೀಟಿ ಎಳೆದೆ. ತಟ್ಟೆಯ ಒಳಮೈ ತುಕ್ಕಿನಿಂದ ಹಪ್ಪಳದಷ್ಟು ತೆಳ್ಳಗಾಗಿತ್ತು. ಇನ್ನೊಂದು ಬೇಸಿಗೆ ಕಳೆದಿದ್ದರೆ ಘಾಟಿಯಲ್ಲೇ ಒಡೆಯುತ್ತಿತ್ತು. ಟಾರ್ಚ್ ಹಾಕಿ ನೋಡಿದೆ. ನಾಲ್ಕನೇ ಸಿಲಿಂಡರಿನ ಸುತ್ತ ಅರ್ಧಕ್ಕಿಂತ ಮೇಲೆ ಕೆಸರು ಕಟ್ಟಿತ್ತು, ಮೂರನೆಯದರ ಬುಡದ ತನಕ ಇಳಿಜಾರಾಗಿ ಹಬ್ಬಿತ್ತು. ಅಳತೆಯ ಎರಡನೇ ಸಾಲು ಹೇಳಿದ್ದು ಇದನ್ನೇ, 82, 80, 73, 64.

ಎರಡು ದಿನ ಕೆರೆದೆ. ಹಳೇ ಸ್ಪೀಡೋಮೀಟರ್ ಕೇಬಲ್ಲಿನ ಒಳತಂತಿಯ ತುದಿಯನ್ನು ಬ್ರಷ್ಷಿನಂತೆ ಬಿಡಿಸಿ ಒಳಗೆ ತೂರಿಸಿ ಆಡಿಸುವುದು, ಪೈಪಿನಿಂದ ನೀರು ಹೊಡೆಯುವುದು, ಮತ್ತೆ ಆಡಿಸುವುದು. ಒಮ್ಮೆ ಮೇಲಿನಿಂದ, ಒಮ್ಮೆ ನಲ್ಲಿಯ ತೂತಿನಿಂದ ಮೇಲಕ್ಕೆ. ರೇಡಿಯೇಟರನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಈ ಕೆಸರೇನಾದರೂ ಅದರೊಳಗೆ ಹೋದರೆ ಹೊಸ ಕೋರೂ ಕಟ್ಟಿಕೊಳ್ಳುತ್ತದೆ. ಮೂರನೇ ಬಕೆಟ್ಟಿಗೆ ನೀರು ತಿಳಿಯಾಗತೊಡಗಿತು.

ಹಿತ್ತಾಳೆಯ ಹೊಸ ಕೋರ್ ಪ್ಲಗ್‌ಗಳನ್ನು ಗ್ಯಾಸ್ಕೆಟ್ ಪೇಸ್ಟ್ ಹಚ್ಚಿ ಕೂರಿಸಿದೆ. ಉಳಿದ ಸುಣ್ಣ, ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಬಿಸಿನೀರಿಗೆ ಕಲಸಿ, ಕೆಳಗಿನ ಹೋಸಿಗೆ ಮರದ ಬಿರಡೆ ಹೊಡೆದು, ಮೇಲಿನಿಂದ ಬ್ಲಾಕಿಗೆ ತುಂಬಿದೆ. ಎರಡು ಗಂಟೆ ಬಿಟ್ಟು ಖಾಲಿ ಮಾಡಿದೆ. ಕಾಫಿ ಡಿಕಾಕ್ಷನ್ ಬಣ್ಣ. ಇನ್ನೊಂದು ಸಲ ಹಾಗೇ ಮಾಡಿ, ಆಮೇಲೆ ಅಡುಗೆ ಸೋಡಾ ಕಲಸಿದ ನೀರು, ಕೊನೆಗೆ ಬರೀ ನೀರು. ರಾತ್ರಿಯೆಲ್ಲ ಬಿಡಬೇಡಿ, ಹುಳಿ ಕಬ್ಬಿಣವನ್ನೂ ತಿನ್ನುತ್ತದೆ. ಪ್ರೀಮಿಯರ್ ಪದ್ಮಿನಿ ಇರುವವರು ಇದನ್ನು ಹೀಗೇ ಮಾಡಲು ಹೋಗಬೇಡಿ, ಅದರ ಹೆಡ್ ಅಲ್ಯೂಮಿನಿಯಂ.

ತುಂಬಿದ್ದು ಒಂದು ಪಾಲು ಕೂಲೆಂಟ್, ಎರಡು ಪಾಲು ಡಿಸ್ಟಿಲ್ಡ್ ವಾಟರ್. ನಮ್ಮೂರಲ್ಲಿ ಹಿಮದ ಭಯ ಇಲ್ಲ, ಕೂಲೆಂಟ್ ಬೇಕಾದದ್ದು ಮುಖ್ಯವಾಗಿ ತುಕ್ಕು ತಡೆಯಲು. ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಹಳೇ ಕೂಲೆಂಟನ್ನು ಚರಂಡಿಗೆ, ರಸ್ತೆಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಬೀದಿ ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಾನು ಡಬ್ಬಿಯಲ್ಲಿ ಹಿಡಿದು, ಮುಚ್ಚಳ ಹಾಕಿ, ಹೆಸರು ಬರೆದು ಎತ್ತಿಡುತ್ತೇನೆ.

ಮತ್ತೆ ಬೆಟ್ಟ

ಅದೇ ಮಧ್ಯಾಹ್ನ ಮೂರು ಗಂಟೆ, ಅದೇ ನಾಲ್ಕು ಜನ, ಹಿಂದಿನ ಸೀಟಿನಲ್ಲಿ ದೊಡ್ಡಪ್ಪ. ಪರೀಕ್ಷೆ ಅಂದಮೇಲೆ ಬಿಸಿಲೂ ಭಾರವೂ ಮೊದಲಿನಷ್ಟೇ ಇರಬೇಕು. ಸೆಕೆಂಡ್ ಗೇರಿನಲ್ಲಿ ಹತ್ತಿದೆ. ಮೊದಲು ಹಬೆ ಬಂದಿದ್ದ ತಿರುವಿನಲ್ಲಿ ಮುಳ್ಳು 89. ಯಾರೂ ಮಾತಾಡಲಿಲ್ಲ. ನಂದಿ ದಾರಿ ದಾಟಿತು, 90. ಮೇಲೆ ನಿಲ್ಲಿಸಿದಾಗ 91. ತಕ್ಷಣ ಆಫ್ ಮಾಡದೆ ಎರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟೆ, ಬೆಟ್ಟ ಹತ್ತಿದ ಮೇಲೆ ಹಾಗೆ ಬಿಡುವುದು ಒಳ್ಳೆಯದು. ಬಾನೆಟ್ ಎತ್ತಿ ಬೊಟ್ಟುಗಳನ್ನು ಅಳೆದೆ. ಹೆಡ್ಡಿನ ಮುಂದೆ 89, ಹಿಂದೆ 94. ಬ್ಲಾಕಿನ ಕೆಳಗೆ ಮುಂದೆ 83, ಹಿಂದೆ 81. ಆಫ್ ಮಾಡಿ ಕಿವಿಗೊಟ್ಟೆ. ಲೋಹ ತಣಿಯುವ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ.

ದೊಡ್ಡಪ್ಪ ಇಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ‘ಮಡಿಕೇರಿಗೆ ಹೋಗೋಣ’ ಅಂದರು.

ಎರಡು ವಾರ ಬಿಟ್ಟು ಹೋದೆವು. ದಾರಿಯಲ್ಲಿ ಎಲ್ಲೂ 92 ದಾಟಲಿಲ್ಲ. ವಾಪಸ್ಸು ಬಂದ ಮೇಲೆ, ಕೆರೆದ ದಿನದಿಂದ ಲೆಕ್ಕ ಹಾಕಿದರೆ ಸುಮಾರು 500 ಕಿಲೋಮೀಟರ್ ಆದಾಗ, ತಣ್ಣಗಿನ ಇಂಜಿನ್ನಿನ ಕೆಳಗೆ ಮಲಗಿ ಆ ಹಿತ್ತಾಳೆ ನಲ್ಲಿಯನ್ನು ಮತ್ತೆ ತಿರುಗಿಸಿದೆ. ಮೊದಲು ಒಂದು ಚಮಚದಷ್ಟು ಕಂದು ಬಂತು. ಆಮೇಲೆ ಕೂಲೆಂಟಿನ ತಿಳಿ ಹಸಿರು. ಒಂದು ಲೋಟ ಹಿಡಿದು, ನಲ್ಲಿ ಮುಚ್ಚಿ, ಅಷ್ಟೇ ಕೂಲೆಂಟ್ ಮೇಲಿನಿಂದ ತುಂಬಿದೆ. ಶೆಡ್ಡಿನ ಗೋಡೆಯ ಕ್ಯಾಲೆಂಡರಿನಲ್ಲಿ ಆರು ತಿಂಗಳ ಆಚೆಯ ಒಂದು ಭಾನುವಾರಕ್ಕೆ ‘ನಲ್ಲಿ’ ಅಂತ ಬರೆದಿದ್ದೇನೆ.